ಅಪ್ಪನ ಬೈಂಡಿಂಗ್ ವೈರು

ಇವತ್ತು ಬೆಳಿಗ್ಗೆ ರೇಡಿಯೋ ಮತ್ತೆ ಗೊರಗೊರ ಅಂದಿತು. ಮಾಳಿಗೆ ಹತ್ತಿ ನೋಡಿದೆ. ನಿನ್ನೆ ಬಿಸಿಲಲ್ಲಿ ಬೆಂದು, ರೇಡಿಯೋದ ಆಂಟೆನಾ ಕಟ್ಟಿ ನಾನು ನಿಲ್ಲಿಸಿದ್ದ ಬಿದಿರಿನ ಗಳ ಮೂಲೆಯಲ್ಲಿ ಬಿದ್ದಿತ್ತು. ಆಂಟೆನಾ ಮಾತ್ರ ತಗಡಿನ ಶೆಡ್ಡಿಗೆ ಬೆನ್ನು ಹಚ್ಚಿ, ಸಿಕ್ಕಿಬಿದ್ದ ಕಳ್ಳನ ಹಾಗೆ ಬೈಂಡಿಂಗ್ ವೈರಿನಲ್ಲಿ ಬಿಗಿಸಿಕೊಂಡು ನಿಂತಿತ್ತು.

“ಗಾಳಿಗೆ ಬೀಳ್ತಿತ್ತು. ಈಗ ಗಟ್ಟಿ ಐತಿ ನೋಡು,” ಅಂದರು ಅಪ್ಪ.

ಅಪ್ಪನಿಗೆ ಬೈಂಡಿಂಗ್ ವೈರಿನ ಮೇಲಿರುವ ನಂಬಿಕೆ ಮಕ್ಕಳ ಮೇಲಿಲ್ಲ. ನಮ್ಮ ಗೇಟು, ಬಕೆಟ್ಟಿನ ಹಿಡಿ, ಕನ್ನಡಕದ ಕಡ್ಡಿ, ಎಲ್ಲ ಅದರಲ್ಲೇ ನಿಂತಿವೆ. ಮುರಿಯದ್ದನ್ನೂ ಕಟ್ಟುತ್ತಾರೆ, ಮುಂದೆ ಮುರಿದರೆ ಅಂತ. ಅದೂ ಕಬ್ಬಿಣಕ್ಕೇ ಕಟ್ಟಬೇಕು. ಬಿದಿರು ಅಂದರೆ ಅವರಿಗೆ ಚಟ್ಟದ ನೆನಪಂತೆ.

ನಮ್ಮದು ಮಾನ್ವಿ. ರಾಯಚೂರು ಆಕಾಶವಾಣಿಯ ಎಫ್‌ಎಂ ಕೇಳಲು ಅಂತ ಎರಡು ತೋಳಿನ, 1.5 ಮೀಟರ್ ಉದ್ದದ ಅಲ್ಯೂಮಿನಿಯಂ ಆಂಟೆನಾ ತಂದಿದ್ದೆ. ಮೊದಲು ನಾನೇ ಶೆಡ್ಡಿಗೆ ಹಚ್ಚಿ ಕಟ್ಟಿದ್ದೆ, ಸುಳ್ಳು ಯಾಕೆ ಹೇಳಲಿ. ಬರೀ ಗೊರಗೊರ. ಎಫ್‌ಎಂ ಅಲೆಯ ಉದ್ದ ಸುಮಾರು 3 ಮೀಟರ್. ತಗಡಿಗೆ ಬಡಿದು ವಾಪಸ್ ಬರುವ ಅಲೆ ಉಲ್ಟಾ ಆಗಿ ಬರುತ್ತದೆ. ಆಂಟೆನಾ ತಗಡಿಗೆ ಅಂಟಿಕೊಂಡಿದ್ದರೆ ಬರುವ ಅಲೆಯನ್ನು ವಾಪಸ್ ಅಲೆ ನುಂಗಿಬಿಡುತ್ತದೆ. 75 ಸೆಂಟಿಮೀಟರ್ ದೂರ ಇಟ್ಟರೆ ಅದೇ ವಾಪಸ್ ಅಲೆ ಕೈ ಜೋಡಿಸುತ್ತದೆ. ಕೆಲವು ಬೀಗರ ಹಾಗೆ, ದೂರ ಇದ್ದರೇ ಚೆಂದ.

ಪರೀಕ್ಷೆ ಮಾಡೋಣ ಅಂತ ನಿನ್ನೆ ಆಂಟೆನಾ ಬಿಚ್ಚಿ ಎರಡೂ ಕೈಯಲ್ಲಿ ತಲೆ ಮೇಲೆ ಎತ್ತಿ, ಶೆಡ್ಡಿನಿಂದ ದೂರ ನಿಂತೆ.

“ಬಂತು! ಅಲುಗಬ್ಯಾಡ! ಹಂಗ ನಿಂದ್ರು!” ಕೆಳಗಿನಿಂದ ಅಪ್ಪ ಕೂಗಿದರು.

ನಿಂತೆ. ಸುದ್ದಿ ಮುಗಿಯಿತು. ಹವಾಮಾನ ಬಂತು. ರಾಯಚೂರು ಜಿಲ್ಲೆಯಲ್ಲಿ ಒಣ ಹವೆ ಅಂತ ಕೇಳಿಸಿತು. ಗೊತ್ತು ಸ್ವಾಮಿ, ಅದರಲ್ಲೇ ನಿಂತಿದ್ದೇನೆ. “ಅಪ್ಪಾ, ಇಳಿಸ್ಲಾ?” ಅಂದೆ. ಉತ್ತರ ಇಲ್ಲ. ಹಾಡು ಶುರುವಾಗಿತ್ತು. ಒಂದು ಹಾಡಲ್ಲ, ಮೂರು. ಪಕ್ಕದ ಮಾಳಿಗೆಯಲ್ಲಿ ಸಂಡಿಗೆ ಇಡುತ್ತಿದ್ದ ದೊಡ್ಡಮ್ಮ ಬಹಳ ಹೊತ್ತು ನನ್ನನ್ನೇ ನೋಡಿ, “ಯಾವ ದೇವ್ರಿಗಪಾ ಹರಕಿ?” ಅಂದರು. ಬೆವರು ಕಣ್ಣಿಗಿಳಿದಿತ್ತು, ಒರೆಸಲು ಕೈ ಖಾಲಿ ಇರಲಿಲ್ಲ. “ಎಷ್ಟು ದಿನ ಐತಿ?” ಅಂತಲೂ ಕೇಳಿದರು. ಮೂರನೇ ಹಾಡು ಮುಗಿದ ಮೇಲೆ ಇಳಿದು ಬಂದರೆ ಅಪ್ಪ ಗೋಡೆಗೊರಗಿ ಕಣ್ಣು ಮುಚ್ಚಿದ್ದರು. ರೇಡಿಯೋ ಬಾಯಿ ಕಟ್ಟಿದ ಮೇಲೇ ಕಣ್ಣು ಬಿಟ್ಟರು. “ಯಾಕ ಬಿಟ್ಟಿ?”

ಹಳೇ ಮಣ್ಣಿನ ಮಾಳಿಗೆ ಮನೆಯಲ್ಲಿ ಈ ತಾಪತ್ರಯ ಇರಲಿಲ್ಲ. ಗೋಡೆಯ ಗೂಡಿನಲ್ಲಿ ರೇಡಿಯೋ, ಪಕ್ಕದಲ್ಲಿ ಚಿಮಣಿ ದೀಪ. ಅವ್ವ ರೊಟ್ಟಿ ಬಡಿಯುವ ಸದ್ದಿನ ಮಧ್ಯೆಯೇ ಪ್ರದೇಶ ಸಮಾಚಾರ. ಅವ್ವ ಹೋದ ಮೇಲೆ ಅಪ್ಪ ರೇಡಿಯೋದ ವಾಲ್ಯೂಮ್ ಜಾಸ್ತಿ ಮಾಡಿದ್ದಾರೆ.

ಇವತ್ತು ಸಿಟ್ಟಿನಲ್ಲಿ 75 ಸೆಂಟಿಮೀಟರಿನ ಪಾಠವನ್ನು ಮತ್ತೊಮ್ಮೆ ಒಪ್ಪಿಸಿ ಕೆಲಸಕ್ಕೆ ಹೋದೆ. ಸಂಜೆ ಬಂದರೆ ಬೀದಿಗೆಲ್ಲ ಹಾಡು. ಮಾಳಿಗೆ ಹತ್ತಿದೆ. ಶೆಡ್ಡಿನಿಂದ ಒಂದು ಕಬ್ಬಿಣದ ಪೈಪು ನೇರ ಹೊರಗೆ ಚಾಚಿದೆ. ಅದರ ತುದಿಗೆ ಅಡ್ಡಡ್ಡಲಾಗಿ ಆಂಟೆನಾ. ತೋಳುಗಳಿಗೆ ಅಡ್ಡ ಇರುವ ಪೈಪಿನಿಂದ ಅಷ್ಟೇನೂ ತೊಂದರೆಯಿಲ್ಲ, ಅದು ನನಗೂ ಗೊತ್ತು. ಆದರೆ ಅವರಿಗೆ ಹೇಳಿದವರ್ಯಾರು?

“ಟೇಪ್ ಹಿಡದು ಅಳದೀನಿ, ಸರಿಯಾಗಿ 75,” ಅಂದರು ಅಪ್ಪ. “ಬಿದಿರು ಬ್ಯಾಡಂದ್ನೋ ಇಲ್ಲೋ?”

ವೈರು ಹನ್ನೊಂದು ಸುತ್ತು ಸುತ್ತಿದ್ದರು. ಎಣಿಸಿದೆ.