ದಮಯಂತಿ ಅಣ್ಣಾ, ಒಂದೇ ಒಂದು ಸೆಲ್ಫಿ!

ಯಕ್ಷಗಾನದ ಚೌಕಿ ಅಂದರೆ ಬಣ್ಣ ಹಚ್ಚುವ ಜಾಗ, ಮದುವೆ ಹಾಲಿನ ಸ್ಟೇಜಲ್ಲ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲಿಗೆ ತೂಗುಹಾಕಿದರೂ ಪ್ರಯೋಜನವಿಲ್ಲ, ಆ ಬೋರ್ಡಿನ ಎದುರೂ ನಾಲ್ಕು ಜನ ನಿಂತು ಫೋಟೊ ಹೊಡೆಸಿಕೊಳ್ಳುತ್ತಾರೆ. ಮೊನ್ನೆಯ ಆಟದಲ್ಲೂ ಅದೇ ಆಯಿತು. ದಮಯಂತಿಯ ವೇಷಕ್ಕೆ ಕೂತಿದ್ದ ಗಂಡಸಿನ ಎಡ ಹುಬ್ಬು ಅರ್ಧ ಮುಗಿದಿತ್ತು. ಕಡ್ಡಿಯ ತುದಿ ಇನ್ನೇನು ಹುಬ್ಬಿನ ಬಾಲ ತಿರುಗಿಸಬೇಕು, ಅಷ್ಟರಲ್ಲಿ ಹೆಗಲ ಮೇಲೆ ಒಂದು ಕೈ ಬಿತ್ತು.

“ಅಣ್ಣಾ, ಒಂದೇ ಒಂದು ಸೆಲ್ಫಿ.”

ಹುಬ್ಬು ಸೀದಾ ಕಿವಿಗೆ ಹೋಯಿತು.

ಒರೆಸಿ ಇನ್ನೊಂದು ಗೆರೆ ಎಳೆದರಾಯಿತಲ್ಲ ಎನ್ನುವವರು ಯಾವತ್ತೂ ಬಣ್ಣ ಹಚ್ಚಿದವರಲ್ಲ. ಹುಬ್ಬಿನ ಕಪ್ಪು ಕೂತಿರುವುದು ಎಣ್ಣೆಯಲ್ಲಿ ಕಲಸಿದ ಬಣ್ಣದ ಮೇಲೆ. ಕಪ್ಪು ಒರೆಸಲು ಹೋದರೆ ಅಡಿಯ ಬಣ್ಣವೂ ಜೊತೆಗೆ ಎದ್ದು ಬಂದು, ಎರಡೂ ಸೇರಿ ಕಣ್ಣಿನ ಪಕ್ಕ ಬೂದಿ ಬಣ್ಣದ ಕೆಸರಾಗುತ್ತದೆ. ಅಷ್ಟಕ್ಕೇ ತೇಪೆ ಹಾಕಿದಿರೋ, ಗೋಡೆಗೆ ಅರ್ಧ ಸುಣ್ಣ ಬಳಿದ ಹಾಗೆ ಅಂಚು ಕಾಣುತ್ತದೆ. ಆದ್ದರಿಂದ ಎಡಗೆನ್ನೆ ಪೂರ್ತಿ ತೆಗೆಯಬೇಕು. ಪುನಃ ತೆಂಗಿನೆಣ್ಣೆ, ಪುನಃ ಬಣ್ಣ, ಪುನಃ ಪೌಡರು, ಪುನಃ ಕಡ್ಡಿ. ಕಾಲು ಗಂಟೆ ಹೋಯಿತು. ಕಥಕಳಿಯಲ್ಲಾದರೆ ಮುಖ ಬರೆಯಲೆಂದೇ ಬೇರೆ ಜನ ಇದ್ದಾರೆ, ನಮ್ಮ ಯಕ್ಷಗಾನದಲ್ಲಿ ಅವರವರ ಮುಖಕ್ಕೆ ಅವರವರೇ ಜವಾಬ್ದಾರರು. ಅತ್ತ ಭಾಗವತರು ಪದ ಎತ್ತುವ ಹೊತ್ತು, ಇತ್ತ ದಮಯಂತಿಗೆ ಒಂದೇ ಹುಬ್ಬು.

ಸ್ತ್ರೀವೇಷದ ಬಣ್ಣ ಬಹಳ ಸುಲಭ ಎಂದು ಜನ ನಂಬಿದ್ದಾರೆ. ಬಣ್ಣದ ವೇಷದವರು, ಅಂದರೆ ರಾಕ್ಷಸರ ಪಾತ್ರದವರು, ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖಕ್ಕೆ ಉಬ್ಬು ಚುಕ್ಕಿಗಳ ಚುಟ್ಟಿ ಇಡುತ್ತಾ ಗಂಟೆಗಟ್ಟಲೆ ಕೂರುವುದನ್ನು ನೋಡಿದರೆ ಹಾಗನ್ನಿಸುವುದು ಸಹಜ. ಆದರೆ ರಾಕ್ಷಸನ ಮುಖದಲ್ಲಿ ಒಂದು ಗೆರೆ ಹೆಚ್ಚಾದರೆ ರಾಕ್ಷಸತನ ಒಂದು ತೂಕ ಜಾಸ್ತಿಯಾಯಿತು, ಅಷ್ಟೇ. ಸೀತೆಯ ಮುಖದಲ್ಲಿ ಒಂದು ಗೆರೆ ಹೆಚ್ಚಾದರೆ ಶೂರ್ಪನಖಿ.

ಮೊದಲ ತಲೆನೋವು ಗಡ್ಡ. ಮಧ್ಯಾಹ್ನ ಬೋಳಿಸಿಕೊಂಡರೆ ರಾತ್ರಿ ಎರಡು ಗಂಟೆಗೆ ಮೊಳಕೆ ಬಂದಿರುತ್ತದೆ. ಬಣ್ಣಕ್ಕೆ ಕೂರುವ ಮೊದಲೇ ಬೋಳಿಸಿದರೆ ಬ್ಲೇಡು ತಾಗಿದ ಕಡೆಯೆಲ್ಲ ಬೆಂಕಿ ಉರಿ. ಉರಿಯೇ ವಾಸಿ ಎಂದು ಹೆಚ್ಚಿನವರ ತೀರ್ಮಾನ. ಎಷ್ಟು ನುಣ್ಣಗೆ ಬೋಳಿಸಿದರೂ ಚರ್ಮದೊಳಗಿನ ಕೂದಲು ನೀಲಿ ನೀಲಿಯಾಗಿ ಕಾಣುತ್ತದಲ್ಲ, ಅದರ ಮೇಲೆ ಬರಿಯ ಬಿಳಿ ಬಣ್ಣ ಬಳಿದರೆ ದೇವಿಗೆ ನೆಗಡಿಯಾದ ಹಾಗಿರುತ್ತದೆ. ನೀಲಿಯನ್ನು ಕೊಲ್ಲುವುದು ಕೆಂಪು. ಹಾಗಾಗಿ ಗಲ್ಲ ಮತ್ತು ಮೇಲ್ದುಟಿಯ ಜಾಗಕ್ಕೆ ಕೆಂಪು ಬೆರೆಸಿದ ಬಣ್ಣದ ಒಂದು ತೆಳು ಪದರ ಮೊದಲು, ಬಿಳಿ, ಹಳದಿ, ಕೆಂಪು ಸೇರಿಸಿ ಮಾಡಿದ ಮೈಬಣ್ಣ ಆಮೇಲೆ. ಹಿಂದೆ ದೊಂದಿಯ ಬೆಳಕು, ಅನಂತರ ಗ್ಯಾಸ್‌ಲೈಟು ಇದ್ದಾಗ ಇಷ್ಟೆಲ್ಲ ಬೇಡವಾಗಿತ್ತು, ಆ ಹಳದಿ ಬೆಳಕಿಗೆ ಕ್ಷಮಾಗುಣ ಇತ್ತು. ಈಗಿನ ಬಿಳಿ ಲೈಟುಗಳು ಹಳೇ ಸಾಲಗಾರರ ಹಾಗೆ, ಏನನ್ನೂ ಮರೆಯುವುದಿಲ್ಲ. ಅದರ ಮೇಲೆ ಮಾವನ ಮೊಬೈಲಿನ ಫ್ಲ್ಯಾಶು ಬೇರೆ.

ಮಾವ ಅಂದೆ. ಆಟ ನೋಡುವ ಊರಿನವರಿಗೆ ಇವರನ್ನು ಪರಿಚಯಿಸಬೇಕಾಗಿಲ್ಲ. ಪ್ರತಿ ಊರಿನ ಚೌಕಿಗೂ ಒಬ್ಬರು ಇದ್ದೇ ಇರುತ್ತಾರೆ. ಹೆಸರು ಏನೇ ಇರಲಿ, ನಾವು ‘ಒಂದೇ ಒಂದು ಮಾವ’ ಎನ್ನೋಣ. ಅವರ ಒಂದೇ ಒಂದು ಎಂದರೆ ಕಡಿಮೆಯೆಂದರೂ ಆರು. ಮೊದಲನೆಯದರಲ್ಲಿ ಕಣ್ಣು ಮುಚ್ಚಿರುತ್ತಾರೆ. ಎರಡನೆಯದರಲ್ಲಿ ಅವರ ಹೆಬ್ಬೆರಳು ಮಾತ್ರ ಬಂದಿರುತ್ತದೆ. ಮೂರನೆಯದಕ್ಕೆ ಹೆಂಡತಿಯನ್ನು ಕೂಗುತ್ತಾರೆ. ಹೆಂಡತಿ ಬಂದ ಮೇಲೆ ಹೆಂಡತಿಯ ಅಕ್ಕ. ನಾಲ್ಕನೆಯದು ಚೆಂದ ಬಂದಿರುತ್ತದೆ, ಆದರೆ ಅದು ವಿಡಿಯೊ. ಐದನೆಯದಕ್ಕೆ ಮೊದಲು ಮೊಬೈಲು ‘ಜಾಗವಿಲ್ಲ’ ಎಂದು ತಕರಾರು ತೆಗೆಯುತ್ತದೆ. ಮಾವ ಅಲ್ಲೇ ನಿಂತು, ಒಂದು ಕೈ ದಮಯಂತಿಯ ಹೆಗಲ ಮೇಲಿಟ್ಟುಕೊಂಡೇ, ಹಳೇ ಶುಭೋದಯದ ಚಿತ್ರಗಳನ್ನು ಒಂದೊಂದಾಗಿ ಅಳಿಸುತ್ತಾರೆ. ಎಲ್ಲಾ ಒಟ್ಟಿಗೆ ಅಳಿಸಲು ಮನಸ್ಸಿಲ್ಲ, ಕೆಲವು ಒಳ್ಳೆಯದಿವೆಯಂತೆ.

ಈ ಬಿಡುವಿನಲ್ಲಿ ಪ್ರಶ್ನೋತ್ತರ.

“ಈ ಕೂದಲು ಒರಿಜಿನಲ್ಲಾ?” ಕೇಳುವುದಷ್ಟೇ ಅಲ್ಲ, ಜಡೆಯನ್ನು ಒಮ್ಮೆ ಎಳೆದೂ ನೋಡುತ್ತಾರೆ. ಜಡೆ ನಿಂತಿರುವುದು ಕಪ್ಪು ಬಟ್ಟೆಯ ಬಿಗಿ ಕಟ್ಟಿನ ಮೇಲೆ, ಹೇರ್‌ಪಿನ್ನುಗಳ ದಯೆಯಿಂದ. ಎಳೆದರೆ ಹಣೆಯ ಬೈತಲೆಯೂ ಸೇರಿ ಇಡೀ ತಲೆ ಎರಡು ಬೆರಳು ಹಿಂದೆ ಸರಿಯುತ್ತದೆ, ಮುಂದೆ ಗಂಡಸಿನ ಹಣೆ ಉದಯಿಸುತ್ತದೆ.

“ನೋಡುವಾಗ ಹೆಣ್ಣೇ ಅಂತ ಗ್ರಹಿಸಿದೆ ಮಾರಾಯ್ರೆ! ನಮ್ಮ ಮನೆಯವಳಿಗಿಂತ ನೀವೇ ಚೆಂದ.” ಇದನ್ನು ಹೇಳುವಾಗ ಮನೆಯವಳು ಪಕ್ಕದಲ್ಲೇ ಇರುತ್ತಾರೆ. ನಗುತ್ತಾರೆ. ಆ ನಗುವಿಗೆ ಯಾವ ಭಾಗವತರೂ ರಾಗ ಕಟ್ಟಲಾರರು.

“ಮನೆಯಲ್ಲೂ ಹೀಗೇ ನಡೆಯುವುದಾ?” ಇದು ಕೊನೆಯ ಪ್ರಶ್ನೆ, ಸ್ವರ ತಗ್ಗಿಸಿ ಕೇಳುವಂಥದ್ದು. ಹಿರಣ್ಯಕಶಿಪುವಿನ ಹತ್ತಿರ ಹೋಗಿ “ಮನೆಯಲ್ಲೂ ಕಂಬ ಒಡೆಸುತ್ತೀರಾ?” ಎಂದು ಈವರೆಗೆ ಯಾರೂ ಕೇಳಿಲ್ಲ. ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷಗಳ ಮಾತಿನ ಗತ್ತನ್ನು ಹಳಬರು ಈಗಲೂ ನೆನೆಯುತ್ತಾರೆ. ಮಂಟಪ ಪ್ರಭಾಕರ ಉಪಾಧ್ಯರು ಸ್ತ್ರೀವೇಷವೊಂದನ್ನೇ ನಂಬಿ, ಒಬ್ಬರೇ ರಂಗದಲ್ಲಿ ನಿಂತು ಏಕವ್ಯಕ್ತಿ ಯಕ್ಷಗಾನವನ್ನು ಕಟ್ಟಿದರು. ಇಷ್ಟೆಲ್ಲ ಆದ ಮೇಲೂ ಚೌಕಿಗೆ ಬಂದವರ ಕುತೂಹಲ ಮಾತ್ರ ಆ ಜಡೆಯ ಬುಡದಿಂದ ಮೇಲೆ ಏಳುವುದಿಲ್ಲ.

ಸೀರೆಯದು ಬೇರೆಯೇ ಪುರಾಣ. ಒಳಗೆ ಚಡ್ಡಿ, ಅದರ ಮೇಲೆ ಲಂಗ, ಲಂಗದ ಲಾಡಿಗೆ ಎರಡು ಗಂಟು. ಸೀರೆಯ ಅಂಚು ನೆಲದಿಂದ ನಾಲ್ಕು ಬೆರಳು ಮೇಲಿರಬೇಕು, ಇಲ್ಲದಿದ್ದರೆ ಗೆಜ್ಜೆಗೆ ಸಿಕ್ಕಿ ಮೊದಲ ಗಿರ್ಕಿಯಲ್ಲೇ ಅನಾಹುತ. ನೆರಿಗೆಗೆ ಮೂರು ಪಿನ್ನು, ಹೆಗಲಿಗೆ ಎರಡು, ಬೆನ್ನಿಗೆ ಒಂದು, ಅದರ ಮೇಲೆ ಡಾಬು ಬಿಗಿದರೆ ಮುಗಿಯಿತು. ರೇಷ್ಮೆ ನೋಡಲು ಚೆಂದ, ಆದರೆ ಬೆವರಿಗೆ ಜಾರುತ್ತದೆ, ಒಂದು ಪಿನ್ನು ಹೆಚ್ಚು ಕೇಳುತ್ತದೆ. ಚೌಕಿಯಲ್ಲಿ ಪಿನ್ನಿನ ಡಬ್ಬ ಇರುವುದೂ ಸ್ತ್ರೀವೇಷದವರ ಪೆಟ್ಟಿಗೆಯಲ್ಲೇ. ಅರ್ಜುನನಿಂದ ಹಿಡಿದು ಹಾಸ್ಯಗಾರರ ತನಕ ಎಲ್ಲರೂ “ಒಂದು ಪಿನ್ನು ಉಂಟಾ?” ಎಂದು ಬರುತ್ತಾರೆ. ಕೊಟ್ಟ ಪಿನ್ನು ವಾಪಸ್ಸು ಬಂದ ದಾಖಲೆ ಯಾವ ಮೇಳದಲ್ಲೂ ಇಲ್ಲ.

ತೊಂದರೆ ಶುರುವಾಗುವುದು ಆ ಲಾಡಿಯಲ್ಲಿ. ನೂಲಿನ ಲಾಡಿ ಬೆವರು ಕುಡಿದು ಉಬ್ಬುತ್ತದೆ, ಗಂಟು ಕಲ್ಲಾಗುತ್ತದೆ, ಉಗುರಿಗೆ ಬಗ್ಗುವುದಿಲ್ಲ. ಆದ್ದರಿಂದ ವೇಷ ಕಟ್ಟಿದ ಮೇಲೆ ನೀರು ಕುಡಿಯುವುದೆಂದರೆ ಲೆಕ್ಕಾಚಾರದ ವಿಷಯ, ಗಂಟಲಿಗೆ ಬೇಕು, ಕೆಳಗಿನವರಿಗೆ ಬೇಡ. ಎಷ್ಟು ತಡೆದರೂ ನಡುರಾತ್ರಿ ಒಮ್ಮೆ ಹೋಗಲೇಬೇಕಾಗುತ್ತದೆ. ಗದ್ದೆಯ ಆಟಕ್ಕೆ ಶೌಚಾಲಯ ಎಲ್ಲಿಂದ? ಚೌಕಿಯ ಹಿಂದೆ ಅಡಿಕೆ ತೋಟ. ಶಾಲೆಯ ಮೈದಾನವಾದರೆ ‘ಗಂಡಸರು’ ಎಂದು ಬರೆದ ಕಡೆ ಹೋಗಬೇಕು. ಆಗ ಒಳಗಿದ್ದವರೆಲ್ಲ ಮೋಹಿನಿಯನ್ನು ಕಂಡು, ತಾವೇ ತಪ್ಪಿ ಬಂದೆವೆಂದು ಹೊರಗೋಡುತ್ತಾರೆ. ತೋಟದ್ದು ಇನ್ನೂ ವಾಸಿ ಎನ್ನಲಾರೆ. ಅಮಾವಾಸ್ಯೆಯ ಕತ್ತಲು, ರೇಷ್ಮೆ ಸೀರೆ, ಮೊಣಕಾಲುದ್ದದ ಜಡೆ, ಕಾಲಲ್ಲಿ ಗೆಜ್ಜೆ, ಮರಕ್ಕೆ ಮುಖ ಮಾಡಿ ನಿಂತ ಹೆಂಗಸು. ಆಟದಿಂದ ಬೇಗ ಮನೆಗೆ ಹೊರಟವನ ಟಾರ್ಚು ಅದರ ಮೇಲೆ ಬಿದ್ದರೆ ಅವನ ಗತಿ ಏನು? ಕರಾವಳಿಯ ಮೋಹಿನಿ ಕತೆಗಳಲ್ಲಿ ಅರ್ಧಕ್ಕರ್ಧ ಮೇಳಗಳ ತಿರುಗಾಟದ ದಿನಗಳಲ್ಲೇ ಹುಟ್ಟಿರಬೇಕೆಂದು ನನ್ನ ಗಟ್ಟಿ ಅನುಮಾನ.

ಇಷ್ಟರ ನಡುವೆಯೂ ಒಂದು ಹೊತ್ತಿದೆ. ದೇವೀಮಹಾತ್ಮೆಯ ಆಟದಲ್ಲಿ, ಬೆಳಗಿನ ಜಾವ, ದೇವಿ ಉಯ್ಯಾಲೆಯಲ್ಲಿ ಕೂರುತ್ತಾಳೆ. ಅಷ್ಟರವರೆಗೆ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಅಜ್ಜಿಯರು ಸೆರಗು ಸರಿಮಾಡಿಕೊಂಡು ಏಳುತ್ತಾರೆ. ಯಾರೋ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ ಬಿಚ್ಚುತ್ತಾರೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ಮದುವೆ ದಿನಗಳಲ್ಲಿ ಅದರ ರೇಟು ಕೇಳಿದರೇ ಎದೆ ನಡುಗುತ್ತದೆ, ಆದರೂ ತಂದಿರುತ್ತಾರೆ. ಮಾವನೂ ಆಗ ಮೊಬೈಲು ಜೇಬಿಗೆ ಹಾಕಿ ಕೈ ಮುಗಿಯುತ್ತಾರೆ. ಆ ಕೆಲವು ನಿಮಿಷ ಜಡೆ ಒರಿಜಿನಲ್ಲಾ ಎಂದು ಯಾರಿಗೂ ಕೇಳಬೇಕೆನ್ನಿಸುವುದಿಲ್ಲ.

ಮಂಗಳ ಹಾಡಿದ ಮೇಲೆ ದೇವಿಗೆ ತೆಂಗಿನೆಣ್ಣೆಯ ಅಭಿಷೇಕ. ಅಂಗೈ ತುಂಬ ಎಣ್ಣೆ ಸವರಿ, ಬಣ್ಣ ಕರಗುವ ತನಕ ತಿಕ್ಕಿ, ಹಳೇ ಪಂಚೆಯ ತುಂಡಿನಲ್ಲಿ ಒರೆಸಿ, ಆಮೇಲೆ ಸೋಪು. ಸೋಪು ಮೊದಲು ಹಾಕಿದರೆ ಬಣ್ಣ ಚರ್ಮದ ಗುಳಿಗಳಲ್ಲೇ ಕೂರುತ್ತದೆ. ಎಷ್ಟು ಒರೆಸಿದರೂ ರೆಪ್ಪೆಯ ಅಂಚಿನ ಕಾಡಿಗೆ ಹೋಗುವುದಿಲ್ಲ. ದೀಪಾವಳಿಯ ನಂತರ ಹೊರಟ ಮೇಳ ಮೇ ಕೊನೆಯ ಹೊತ್ತಿನ ಪತ್ತನಾಜೆಗೆ ಗೆಜ್ಜೆ ಬಿಚ್ಚುವ ತನಕ, ಸುಮಾರು ಆರು ತಿಂಗಳು, ಆ ಕಪ್ಪು ಅಲ್ಲೇ ಇರುತ್ತದೆ. ಏಳು ಗಂಟೆಯ ಬಸ್ಸಿನಲ್ಲಿ ಲುಂಗಿಯುಟ್ಟು ಕಂಬಿ ಹಿಡಿದು ನಿಂತವರ ಕಣ್ಣಲ್ಲಿ ಈ ಗೆರೆ ಕಂಡರೆ, ಅವರು ರಾತ್ರಿ ಯಾರಾಗಿದ್ದರೆಂದು ಸುಲಭದಲ್ಲಿ ಹೇಳಬಹುದು. ಮಾವ ಅದೇ ಬಸ್ಸಿನಲ್ಲಿ, ಎದುರಿನ ಸೀಟಿನಲ್ಲಿ ಕೂತು, ಅವರ ಜೊತೆಗೇ ತೆಗೆದ ಆರು ಫೋಟೊಗಳನ್ನು ಊರಿಗೆಲ್ಲ ಕಳಿಸುತ್ತಿರುತ್ತಾರೆ. ತಲೆಯೆತ್ತಿ ಹೇಳುವುದು ಒಂದೇ ಮಾತು: “ಸ್ವಲ್ಪ ಆಚೆ ನಿಲ್ಲಿ ಮಾರಾಯ್ರೆ, ಗಾಳಿ ಬರುವುದಿಲ್ಲ.”

ಮಳೆಗಾಲದಲ್ಲಾದರೂ ಬಿಡುಗಡೆ ಉಂಟೋ ಎಂದರೆ, ಇಲ್ಲ. ನೆಂಟರ ಮದುವೆಗೆ ಹೋದ ಸ್ತ್ರೀವೇಷದವರನ್ನು ಊಟಕ್ಕೆ ಕೂರಿಸುವ ಮೊದಲೇ ಒಳಗೆ ಕರೆಯುತ್ತಾರೆ. “ಮದುಮಗಳ ಸೀರೆ ನಿಲ್ಲುವುದೇ ಇಲ್ಲ, ನೀವೇ ಒಮ್ಮೆ ನೆರಿಗೆ ಹಿಡಿಯಿರಿ ಭಾವ.” ಪೇಟೆಯಿಂದ ಬಂದ ಬ್ಯೂಟಿಷಿಯನ್ನು ಮುಖ ಊದಿಸಿಕೊಂಡು ಬದಿಗೆ ಸರಿಯುತ್ತಾಳೆ. ಭಾವ ಶರ್ಟಿನ ತೋಳು ಮಡಚಿ, ಬಾಯಲ್ಲಿ ನಾಲ್ಕು ಪಿನ್ನು ಕಚ್ಚಿಕೊಂಡು, ನೆಲಕ್ಕೆ ಕೂತು ನೆರಿಗೆ ಒಂದೊಂದಾಗಿ ಹೊಂದಿಸುತ್ತಾರೆ. ಮೂರನೆಯ ಪಿನ್ನು ಹಾಕುವಷ್ಟರಲ್ಲಿ ಹೆಗಲ ಮೇಲೆ ಒಂದು ಕೈ ಬೀಳುತ್ತದೆ.

“ಸ್ವಲ್ಪ ಬದಿಗೆ ಬನ್ನಿ. ಮದುಮಗಳದ್ದು ಒಂದೇ ಒಂದು ಫೋಟೊ.”