ಕನ್ಸ್ಯೂಮಬಲ್ಸ್ ಅಂತೆ, ₹120!

ಬೈಕ್ ಸರ್ವೀಸ್ ಬಿಲ್ಲಿನಲ್ಲಿ ಈ ಸಲ ‘ಕನ್ಸ್ಯೂಮಬಲ್ಸ್’ ಅಂತ ಹೊಸ ಸಾಲು. ಏನ್ರೀ ಅದು, ಕೈ ಒರೆಸಿದ ಬನಿಯನ್ ವೇಸ್ಟಾ? ಚೈನ್ ಟೈಟ್ ಮಾಡಿದ್ದಕ್ಕೆ ಬೇರೆ ಲೇಬರ್. ಹಿಂದಿನ ಆಕ್ಸಲ್ ನಟ್ ಸಡಿಲಿಸಿ, ಎರಡೂ ಬದಿಯ ಅಡ್ಜಸ್ಟರನ್ನು ಒಂದೇ ಗುರುತಿಗೆ ತಂದು, ಮತ್ತೆ ಬಿಗಿಯುವ ಕೆಲಸ. ಹೆಚ್ಚಿನ ಕಮ್ಯೂಟರ್ ಬೈಕುಗಳಲ್ಲಿ ಕೆಳಗಡೆಯ ಚೈನು ನಡುಮಧ್ಯದಲ್ಲಿ 20–30 ಮಿ.ಮೀ. ಆಡಬೇಕು, ಸರ್ವೀಸಿನವರು ವೀಣೆಯ ತಂತಿ ಮಾಡಿ ಕಳಿಸುತ್ತಾರೆ. ಆ ಬಿಗಿಗೆ ಬೇರಿಂಗ್, ಸ್ಪ್ರಾಕೆಟ್ (ಚೈನಿನ ಹಲ್ಲುಚಕ್ರ) ಸವೆದರೆ ಮುಂದಿನ ಬಿಲ್ಲು ರೆಡಿ!

ಆಯಿಲ್ ಹೊಸದು, ಹಳೇ ಆಯಿಲ್ ಇಳಿಸುವ ಡ್ರೇನ್ ಬೋಲ್ಟಿನ ವಾಷರ್ ಮಾತ್ರ ಹಳೆಯದೇ. ಅದು ಜಿನುಗಿದರೆ ‘ಗ್ಯಾಸ್ಕೆಟ್ ಹೋಗಿದೆ ಸಾರ್’ ಅಂತ ಎಂಜಿನ್ನಿನ ಸೀಲಿನ ಮೇಲೆ ದೂರು. ತೊಳೆದು ಹಾಕಬಹುದಾದ ಸ್ಪಂಜಿನ ಏರ್ ಫಿಲ್ಟರಿಗೂ ಹೊಸದೇ ಬೇಕಂತೆ.

ಮನೆಯಲ್ಲೇ ಮಾಡಿಕೊಳ್ಳೋಣವೆಂದರೆ? ಇವರು ನಟ್ಟು ತಿರುಗಿಸುವ ಮಷೀನ್ ಗನ್ನಿನಲ್ಲಿ ಬಿಗಿದದ್ದು ನಮ್ಮ ಸ್ಪ್ಯಾನರಿಗೆ ಜಪ್ಪಯ್ಯ ಅಂದರೂ ಜಗ್ಗದು. ಮೇಲೆ ‘ಹೊರಗಡೆ ಕೈ ಹಾಕಿಸಿದ್ದೀರಾ?’ ಎಂಬ ವಿಚಾರಣೆ ಬೇರೆ.