‘ಅಂತೆ’ ನಡೆಯದ ಊರು

ಉಷ್ಟ್ರಪಕ್ಷಿ ಹೆದರಿದರೆ ಮರಳಿನಲ್ಲಿ ತಲೆ ಹೂತುಕೊಳ್ಳುತ್ತದಂತೆ. ಯಾರಿಗೆ ಗೊತ್ತಿಲ್ಲ ಇದು? ಅದೇ ಧೈರ್ಯದಲ್ಲಿ ಒಮ್ಮೆ ವಿಕಿಪೀಡಿಯದಲ್ಲಿ ಬರೆಯಲು ಕೂತೆ. ‘ಅಂತೆ’ ತೆಗೆದು ‘ಹೂತುಕೊಳ್ಳುತ್ತದೆ’ ಅಂದೆ. ವಾಕ್ಯವೇನೋ ಮುಗಿಯಿತು. ಉಲ್ಲೇಖ ಕೊಡಬೇಕಲ್ಲ, ಅಲ್ಲಿ ಸಿಕ್ಕಿಬಿದ್ದೆ.

ಉಲ್ಲೇಖ ಅಂದರೆ ವಾಕ್ಯದ ಹೆಗಲೇರಿ ಕೂರುವ ಪುಟ್ಟ ಅಂಕಿ. ಓದುವವರು ಅದನ್ನು ದಾಟಿಕೊಂಡು ಹೋಗುತ್ತಾರೆ. ಬರೆಯುವವನನ್ನು ಮಾತ್ರ ಅದು ಬಿಡುವುದಿಲ್ಲ. ಯಾರು ಹೇಳಿದ್ದು? ಯಾವ ಪುಟ? ‘ಎಲ್ಲರೂ ಹೇಳ್ತಾರೆ’ ಅಂದರೆ ನಡೆಯದು. ‘ನಾನೇ ಕಣ್ಣಾರೆ ಕಂಡೆ’ ಅಂದರೂ ನಡೆಯದು, ಸ್ವಂತ ಸಂಶೋಧನೆಗೆ ಅಲ್ಲಿ ಜಾಗವಿಲ್ಲ. ‘ಅಂತೆ’ಯ ನೆರಳಲ್ಲಿ ಇಷ್ಟು ಕಾಲ ಹಾಯಾಗಿ ಹರಟಿದವನಿಗೆ ಇದು ಕಷ್ಟವೇ.

ಹುಡುಕಿದೆ. ಎಲ್ಲೆಲ್ಲೂ ಅದೇ ವಾಕ್ಯ, ಒಂದರ ನಕಲು ಇನ್ನೊಂದು. ಎಲ್ಲಿಂದ ತಂದೆ ಅಂತ ಒಬ್ಬರೂ ಹೇಳಿರಲಿಲ್ಲ. ಕೊನೆಗೆ ಹಕ್ಕಿಗಳನ್ನು ಬಲ್ಲವರ ಪುಸ್ತಕ ತೆರೆದರೆ ಕಥೆಯೇ ಬೇರೆ. ಈ ಹಕ್ಕಿ ನೆಲ ಕೆದರಿ, ತಗ್ಗು ಮಾಡಿ ಮೊಟ್ಟೆಯಿಡುತ್ತದೆ. ಆಗಾಗ ತಲೆ ಬಗ್ಗಿಸಿ ಕೊಕ್ಕಿನಿಂದ ಮೊಟ್ಟೆ ಹೊರಳಿಸುತ್ತದೆ. ದೂರದಿಂದ ನೋಡಿದವರಿಗೆ ತಲೆ ಮಾಯವಾದಂತೆ ಕಂಡಿರಬೇಕು. ಪಾಪ, ಮೊಟ್ಟೆ ನೋಡಿಕೊಳ್ಳುವ ಜೀವಕ್ಕೆ ಹೇಡಿ ಅನ್ನುವ ಹೆಸರು!

ಹಾಗಂತ ಪತ್ರಿಕೆಯಲ್ಲಿ ಬಂದದ್ದೆಲ್ಲ ನಿಜವೂ ಅಲ್ಲ. 2008ರಲ್ಲಿ ಅಮೆರಿಕದ ಹುಡುಗನೊಬ್ಬ ಕೋಆಟಿ ಅನ್ನುವ ಪ್ರಾಣಿಯ ವಿಕಿಪೀಡಿಯ ಪುಟದಲ್ಲಿ ಸುಮ್ನೆ ತಮಾಷೆಗೆ ‘ಬ್ರೆಜಿಲ್‌ನ ಆರ್ಡ್‌ವಾರ್ಕ್’ ಅಂತ ಅಡ್ಡಹೆಸರು ಸೇರಿಸಿದ. ಆರ್ಡ್‌ವಾರ್ಕ್ ಬೇರೆಯೇ ಪ್ರಾಣಿ, ಇರುವುದು ಆಫ್ರಿಕದಲ್ಲಿ! ಪತ್ರಿಕೆಗಳು ಅದನ್ನು ನಂಬಿ ಅಚ್ಚು ಹಾಕಿದವು. ಆಮೇಲೆ ಆ ಅಚ್ಚನ್ನೇ ತಂದು ಪುಟಕ್ಕೆ ಉಲ್ಲೇಖ ಮಾಡಿದರು. ಸುಳ್ಳು ಊರೆಲ್ಲ ಸುತ್ತಿ, ಸಾಕ್ಷಿ ಸಮೇತ ಮನೆಗೆ ಬಂತು. ವಿಕಿಪೀಡಿಯಕ್ಕೆ ವಿಕಿಪೀಡಿಯವೇ ಆಧಾರವಾಗಬಾರದು ಅನ್ನುವ ನಿಯಮ ಓದಿ ಮೊದಲು ನಕ್ಕಿದ್ದೆ. ಇದು ಗೊತ್ತಾದ ಮೇಲೆ ನಗು ಬರಲಿಲ್ಲ.

ಕೊನೆಗೆ ‘ಹೂತುಕೊಳ್ಳುವುದಿಲ್ಲ’ ಎಂದು ತಿದ್ದಿದೆ. ಪುಸ್ತಕದ ಹೆಸರು, ವರ್ಷ, ಪುಟಸಂಖ್ಯೆ ಎಲ್ಲ ಕೊಟ್ಟೆ. ಎದೆಯುಬ್ಬಿಸಿ, ಅದೇ ಕೈಯಲ್ಲಿ ಇನ್ನೂ ಒಂದು ವಾಕ್ಯ ಸೇರಿಸಿದೆ: ಈಗ ಬದುಕಿರುವ ಹಕ್ಕಿಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಇದಕ್ಕೂ ಸಾಕ್ಷಿ ಬೇಕಾ, ಇಷ್ಟು ಎಲ್ಲರಿಗೂ ಗೊತ್ತಿರುವುದೇ ಅಲ್ವಾ?

ಮಾರನೆಯ ದಿನ ನೋಡಿದರೆ ಅದರ ಪಕ್ಕದಲ್ಲಿ ಯಾರೋ ಚೀಟಿ ಅಂಟಿಸಿದ್ದರು: ‘ಉಲ್ಲೇಖ ಬೇಕು’.